ಹತ್ತು ನಿಮಿಷದ ಹದ

ನನ್ನ ಅಕ್ಕ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ಹೇಳಿಕೊಡುವುದು ಬೇಡ. ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಅಮ್ಮ ಸತ್ತಾಗ ಅವಳಿಗೆ ಹದಿನೇಳು, ನನಗೆ ಎಂಟು. ಅವಳು ಓದು ಬಿಟ್ಟು ಕೆಲಸಕ್ಕೆ ಸೇರಿದಳು, ನನ್ನನ್ನು ಓದಿಸಿದಳು, ನನಗೆ ಜ್ವರ ಬಂದರೆ ಪಕ್ಕದಲ್ಲೇ ಕೂತಳು, ಮದುವೆಯಾಗುವಾಗಲೂ ಭಾವನಿಗೆ ಮೊದಲೇ ಷರತ್ತು ಹಾಕಿದಳು: ತಂಗಿ ಜೊತೆಗೇ ಇರುತ್ತಾಳೆ. ಭಾವ ಒಪ್ಪಿದ. ಅವನು ಮಿಕ್ಸಿ, ಫ್ಯಾನು, ವಾಷಿಂಗ್ ಮಷೀನು ರಿಪೇರಿ ಮಾಡುವವನು. ಕೆಟ್ಟದ್ದು ಯಾವುದನ್ನೂ ಮನೆಯಿಂದ ಹೊರಗೆ ಹಾಕುವ ಅಭ್ಯಾಸ ಅವನಿಗಿಲ್ಲ. ನಾನೂ ಅದೇ ಲೆಕ್ಕದಲ್ಲಿ ಉಳಿದುಕೊಂಡೆ ಎಂದು ಅವನೇ ತಮಾಷೆ ಮಾಡುತ್ತಿದ್ದ.

ಇಷ್ಟೆಲ್ಲ ಮಾಡಿದ ಅಕ್ಕನಲ್ಲಿ ಒಂದೇ ಒಂದು ಐಬಿತ್ತು. "ನಾನಿಲ್ಲದಿದ್ರೆ ನೀನು ಏನಾಗ್ತಿದ್ದೆ?" ಎಂದು ಕೇಳುತ್ತಿದ್ದಳು. ಸಿಟ್ಟಿನಿಂದಲ್ಲ. ತಟ್ಟೆಗೆ ಬಡಿಸುತ್ತ, ತಲೆ ಸವರುತ್ತ, ನೆಂಟರ ಮುಂದೆ ನಗುತ್ತ ಕೇಳುತ್ತಿದ್ದಳು. ಸಿಟ್ಟಿನಿಂದ ಕೇಳಿದ್ದರೆ ತಿರುಗಿ ಬಯ್ಯಬಹುದಿತ್ತು. ಪ್ರೀತಿಯಿಂದ ಹೊಡೆದರೆ ಯಾರಿಗೆ ದೂರು ಕೊಡುವುದು? ಮೂವತ್ತು ವರ್ಷ ತುಂಬುವ ಹೊತ್ತಿಗೆ ಆ ಮಾತು ನನ್ನ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಅಕ್ಕ ಸಾಯಬೇಕು ಎಂದು ನಾನು ಯಾವತ್ತೂ ಬಯಸಿಲ್ಲ, ಅಷ್ಟು ಕೆಟ್ಟವಳಲ್ಲ. ಒಂದೇ ಒಂದು ಸಲ ಅವಳು ಸೋಲುವುದನ್ನು ನೋಡಬೇಕಿತ್ತು, ಅಷ್ಟೆ.

ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ಅಲ್ಲಿಗೆ ನನ್ನನ್ನು ಸೇರಿಸಿದ್ದೂ ಅವಳೇ, ಬೇರೆ ಹೇಳಬೇಕಾಗಿಲ್ಲ. ಮೊದಲು ಅಲ್ಲಿ ನಲ್ಲಿ, ಪೈಪುಗಳಿಗೆ ಹಾಕುವ ರಬ್ಬರ್ ವಾಷರ್ ಮಾಡುತ್ತಿದ್ದರು. ಆಮೇಲೆ ಯಜಮಾನರು ಕಾಲ ಬದಲಾಯಿತು ಎಂದು ಕಪ್ಪು ಹಾಳೆಗೆ ಇಳಿದರು. ಕರೆಂಟಿನಿಂದ ನಡೆಯುವ ಪ್ರತಿ ಯಂತ್ರವೂ ಸುತ್ತಮುತ್ತ ಕಣ್ಣಿಗೆ ಕಾಣದ ಅಲೆಗಳನ್ನು ಚೆಲ್ಲುತ್ತದೆ. ಸ್ಪೀಕರಿನ ಪಕ್ಕ ಫೋನಿಟ್ಟರೆ ಗರಗರ ಅನ್ನುವುದಿಲ್ಲವೇ, ಅದೇ. ಸ್ಪೀಕರ್ ಗರಗರ ಎಂದರೆ ಯಾರೂ ಸಾಯುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮೈಗೆ ಹನಿಹನಿಯಾಗಿ ಔಷಧಿ ಬಿಡುವ ಪಂಪು ಲೆಕ್ಕ ತಪ್ಪಿದರೆ ಕತೆ ಬೇರೆ. ಅದಕ್ಕೆ ಅಂಥ ಯಂತ್ರದ ಡಬ್ಬಿಯೊಳಗೆ ಅಲೆ ತಡೆಯುವ ಒಂದು ಪದರ ಹಾಕುತ್ತಾರೆ. ಹಿಂದೆಲ್ಲ ತಾಮ್ರವೋ ಉಕ್ಕೋ ಹಾಕುತ್ತಿದ್ದರು, ಭಾರ ಜಾಸ್ತಿ. ನಮ್ಮ ಹಾಳೆ ರಬ್ಬರಿನದು, ಮಡಚಿದರೆ ಮಡಚುತ್ತದೆ, ಕತ್ತರಿಸಿದರೆ ಕತ್ತರಿಸುತ್ತದೆ. ಆ ರಬ್ಬರಿಗೆ ಅಲೆ ತಡೆಯುವ ಶಕ್ತಿ ಬರುವುದು ಅದರಲ್ಲಿ ಕಲಸುವ ಮಸಿಯಂಥ ಒಂದು ಪುಡಿಯಿಂದ. ನ್ಯಾನೊ ಟ್ಯೂಬ್ ಎನ್ನುತ್ತಾರೆ. ಕೂದಲನ್ನು ಉದ್ದಕ್ಕೆ ಸಾವಿರಾರು ಸಲ ಸೀಳಿದರೆ ಸಿಗಬಹುದಾದಷ್ಟು ತೆಳ್ಳಗಿನ ಇಂಗಾಲದ ಎಳೆಗಳು.

ಕಲಸುವುದು ಅಕ್ಕನ ಕೆಲಸ. ಹನ್ನೊಂದು ವರ್ಷದಿಂದ ಮಿಕ್ಸಿಂಗ್ ರೂಮಿನಲ್ಲಿದ್ದಳು. ಅಳೆಯುವುದು ನನ್ನ ಕೆಲಸ. ಉಕ್ಕಿನ ಗೋಡೆಯ ಒಂದು ಸಣ್ಣ ಕೋಣೆ, ಅದರ ಬಾಗಿಲಿನ ಸುತ್ತ ಹಿತ್ತಾಳೆಯ ಹಲ್ಲುಗಳು. ಅವನ್ನು ದಿನಾ ಬೆಳಗ್ಗೆ ಸ್ಪಿರಿಟ್ ಹಾಕಿ ಒರೆಸಬೇಕು, ಇಲ್ಲದಿದ್ದರೆ ಹೊರಗಿನ ಅಲೆ ಸಂದಿಯಲ್ಲಿ ನುಗ್ಗುತ್ತದೆ. ಒಳಗೆ ಒಂದು ಕಡೆಯಿಂದ ಅಲೆ ಬಿಡುವುದು, ನಡುವೆ ಹಾಳೆ ನಿಲ್ಲಿಸುವುದು, ಆ ಕಡೆಗೆ ಎಷ್ಟು ದಾಟಿತು ಎಂದು ನೋಡಿ ಡೆಸಿಬೆಲ್ ಲೆಕ್ಕದಲ್ಲಿ ಕಾರ್ಡಿನ ಮೇಲೆ ಬರೆಯುವುದು. ಅಂಕಿ ದೊಡ್ಡದಾದಷ್ಟೂ ತಡೆ ಗಟ್ಟಿ. ಮೂವತ್ತು ಎಂದರೆ ಸಾವಿರದಲ್ಲಿ ಒಂದು ಪಾಲು ದಾಟಿತು, ನಲವತ್ತು ಎಂದರೆ ಹತ್ತು ಸಾವಿರದಲ್ಲಿ ಒಂದು.

ಈ ಹಾಳೆಯ ಸೂತ್ರ ಬರೆದವನನ್ನು ಎಲ್ಲರೂ ಪಂಡಿತ ಎನ್ನುತ್ತಿದ್ದರು. ಗೇಟಿನ ಕಾವಲುಗಾರನನ್ನೂ ನಿಲ್ಲಿಸಿ ಪಾಠ ಮಾಡುವ ಜಾತಿ. ಯಜಮಾನರೊಂದಿಗೆ ಜಗಳವಾಗಿ ಕೆಲಸ ಬಿಟ್ಟ. ಹೋಗುವ ದಿನ ಮಧ್ಯಾಹ್ನ ನನ್ನ ಕೋಣೆಗೆ ಬಂದು, ಸೂತ್ರದಲ್ಲಿ ಒಂದು ತಪ್ಪಿದೆ, ಈಗ ಗೊತ್ತಾಯಿತು ಎಂದ. ಸೂತ್ರದಲ್ಲಿ 'ಒಂದೇ ಸಮನಾಗುವವರೆಗೆ ಕಲಸಬೇಕು' ಎಂದಿತ್ತು. ಹಾಗೆ ಮಾಡಬಾರದಂತೆ. ಪುಡಿಯನ್ನು ರಬ್ಬರಿನಲ್ಲಿ ಬಿಡಿಸಲು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುವ ಒಂದು ಲೋಹದ ಕಡ್ಡಿ ಇತ್ತು. ಕೆಲಸ ಮಾಡುವಾಗ ಕೀಚು ಕೀಚು ಎನ್ನುತ್ತಿದ್ದುದರಿಂದ ನಾವದನ್ನು ಕಿರುಚುಕಡ್ಡಿ ಎನ್ನುತ್ತಿದ್ದೆವು. ಅದನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಿದರೆ ಎಳೆಗಳು ತುಂಡಾಗುತ್ತವೆ ಎಂದ. ಉದ್ದ ಎಳೆಗಳು ಒಂದರ ಕೈ ಒಂದು ಹಿಡಿದುಕೊಂಡಿದ್ದರೆ ತಾನೇ ಕರೆಂಟು ಹರಿಯುವುದು, ಅಲೆ ತಡೆಯುವುದು? ತುಂಡಾದರೆ ಕೈ ಎಟುಕುವುದಿಲ್ಲ. ನೋಡಲು ಹಾಳೆ ನುಣುಪಾಗಿ ಚೆನ್ನಾಗಿರುತ್ತದೆ, ಕೆಲಸಕ್ಕೆ ಬಾರದು. ಅಲ್ಲಲ್ಲಿ ಗಂಟಿದ್ದರೂ ಪರವಾಗಿಲ್ಲ, ಗಂಟಿದ್ದರೇ ಒಳ್ಳೆಯದು.

"ಅಕ್ಕನಿಗೆ ಹೇಳಿಬಿಡಿ, ಮರೀಬೇಡಿ. ಹತ್ತೇ ನಿಮಿಷ," ಎಂದು ಹೇಳಿ ಹೋದ.

ಹೇಳಬೇಕೆಂದೇ ಇದ್ದೆ. ದೇವರಾಣೆ, ಆ ಸಂಜೆ ಮನೆಗೆ ಹೋಗುವಾಗ ನಾಲಿಗೆಯ ತುದಿಯಲ್ಲೇ ಇತ್ತು. ಮನೆಯಲ್ಲಿ ಭಾವನ ಕಡೆಯ ನೆಂಟರು ಬಂದಿದ್ದರು. ಊಟಕ್ಕೆ ಕೂತಾಗ ಯಾರೋ ನನ್ನ ಕೆಲಸ ಏನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಅವಳದೇನು, ಮಷೀನ್ ಮುಂದೆ ಕೂತು ನಂಬರ್ ಓದೋದು. ಕೈಗೆ ಒಂಚೂರು ಮಸಿ ತಾಗಲ್ಲ. ಅದಕ್ಕೇ ಓದಿಸಿದ್ದು. ನಾನಿಲ್ಲದಿದ್ರೆ ಏನಾಗ್ತಿದ್ದಳೋ." ಎಲ್ಲರೂ ನಕ್ಕರು. ಅಕ್ಕ ನನ್ನ ತಟ್ಟೆಗೆ ಮತ್ತೊಂದು ಸೌಟು ಹಾಕಿದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅವಳ ಕೈ ಕೆಸರು, ನನ್ನ ಬಾಯಿ ಮೊಸರು, ಮತ್ತೆ ಪ್ರತಿ ತುತ್ತಿಗೂ ಅದರ ಜ್ಞಾಪನೆ. ಆ ಹತ್ತು ನಿಮಿಷವನ್ನು ನಾನು ಅನ್ನದ ಜೊತೆ ನುಂಗಿಬಿಟ್ಟೆ.

ಮೊದಲ ಬ್ಯಾಚು ಆಕಸ್ಮಿಕವಾಗಿ ಸರಿಯಾಯಿತು. ಕಿರುಚುಕಡ್ಡಿ ಬಿಸಿಯೇರಿ ಸರಿಯಾಗಿ ಹತ್ತನೇ ನಿಮಿಷಕ್ಕೆ ನಿಂತುಹೋಯಿತು. ಕಡ್ಡಿ ಮತ್ತೆ ಓಡುವುದು ಮರುದಿನವೇ, ಅಷ್ಟರೊಳಗೆ ರಬ್ಬರು ಗಟ್ಟಿಯಾಗುತ್ತಿತ್ತು, ಅಚ್ಚಿಗೆ ಸುರಿಯಲೇಬೇಕಿತ್ತು, ಸುರಿದಳು. ಹಾಳೆ ತುಂಬ ಗಂಟು. ಅಕ್ಕ ಅದನ್ನು ಮೈಮುಚ್ಚದ ಮಗುವನ್ನು ಎತ್ತಿ ತರುವಂತೆ ಅಪ್ಪಿಕೊಂಡು, ಯಾರೂ ನೋಡದ ಹಾಗೆ ನನ್ನ ಕೋಣೆಗೆ ತಂದಳು. ಗಂಟಿರುವ ಹಿಟ್ಟನ್ನು ಜನ್ಮದಲ್ಲಿ ಒಲೆ ಹತ್ತಿರ ತಂದವಳಲ್ಲ ಅವಳು. ಅಳೆದೆ. ನಲವತ್ತಾರು. ಗಿರಾಕಿ ಕೇಳಿದ್ದು ನಲವತ್ತು.

ಯಜಮಾನರು ಕುಣಿದಾಡಲಿಲ್ಲ ಅಷ್ಟೆ. ಗಿರಾಕಿ ಆಸ್ಪತ್ರೆ ಪಂಪು ಮಾಡುವ ಕಂಪನಿಯವನು. ಇಂಥವೇ ಇನ್ನೂ ಮೂರು ಬ್ಯಾಚು ಸಾಲಾಗಿ ನಲವತ್ತು ದಾಟಿದರೆ ಆರ್ಡರು ನಮ್ಮದು ಎಂದಿದ್ದ. ಪಂಡಿತ ಹೋದ ಮೇಲೆ ಮಿಕ್ಸಿಂಗ್ ರೂಮಿಗೆ ಮುಖ್ಯಸ್ಥರೇ ಇರಲಿಲ್ಲ. ಆ ಮೂರು ಬ್ಯಾಚು ಪಾಸಾದರೆ ಆ ಜಾಗ ಅಕ್ಕನಿಗೇ ಎಂದು ಯಜಮಾನರು ಎಲ್ಲರ ಮುಂದೆ ಹೇಳಿದರು. ಓದು ಅರ್ಧಕ್ಕೆ ಬಿಟ್ಟವಳು ಒಂದು ಕೋಣೆಗೆ ಮುಖ್ಯಸ್ಥೆ! ಮನೆಗೆ ಬರುವಾಗ ಅಕ್ಕ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅವಳಿಗೆ ತನಗಾಗಿ ಏನಾದರೂ ಬೇಕೆನಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಸ್ಸಿಳಿದು ಮನೆಯ ಬೀದಿಗೆ ತಿರುಗುವಾಗ ಕೇಳಿದಳು: "ಗಂಟಿದ್ದೂ ನಲವತ್ತಾರು ಬಂತಲ್ಲ. ಗಂಟು ತೆಗೆದ್ರೆ ಇನ್ನೂ ಜಾಸ್ತಿ ಬರುತ್ತೆ, ಅಲ್ವಾ?"

"ಬರದೇ ಏನು, ಅಕ್ಕ," ಎಂದೆ.

ಅಷ್ಟೇ ನಾನು ಮಾಡಿದ್ದು. ವಿಷ ಹಾಕಲಿಲ್ಲ, ಮೆಟ್ಟಿಲಿನಿಂದ ತಳ್ಳಲಿಲ್ಲ. ಅವಳು ತಾನಾಗಿಯೇ ಹೋಗುತ್ತಿದ್ದ ದಾರಿಗೆ ಹೌದು ಎಂದೆ. ಆಮೇಲೆ ಮನೆ ಬಂತು, ಅವಳು ಬಾಗಿಲು ತೆಗೆದು ನನ್ನನ್ನು ಮೊದಲು ಒಳಗೆ ಬಿಟ್ಟಳು.

ಎರಡನೇ ಬ್ಯಾಚಿಗೆ ನಲವತ್ತು ನಿಮಿಷ ಕಡ್ಡಿ ಓಡಿಸಿದಳು. ಹಾಳೆ ಕನ್ನಡಿಯ ಹಾಗೆ ನುಣುಪು. ಅದನ್ನು ಈ ಸಲ ಎಲ್ಲರಿಗೂ ಕಾಣುವಂತೆ ಹಿಡಿದು ತಂದಳು. ಮೂವತ್ತೇಳು ಬಂತು. ಅವಳ ಮುಖ ನೋಡುವಂತಿತ್ತು. ನಾನು ನೋಡಿದೆ, ಚೆನ್ನಾಗಿಯೇ ನೋಡಿದೆ. ಎಲ್ಲಿ ತಪ್ಪಾಯಿತು ಎಂದು ಕೇಳಿದಳು. ಹೊರಗೆ ನುಣುಪಾದರೆ ಸಾಲದು, ಒಳಗೆ ಕಣ್ಣಿಗೆ ಕಾಣದ ಗಂಟು ಉಳಿದಿರುತ್ತದೆ ಎಂದೆ. ಇದು ನೇರವಾದ ಸುಳ್ಳು, ಮೊದಲಿನದರ ಹಾಗೆ ಅರೆಬರೆಯದಲ್ಲ. ಒಮ್ಮೆ ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ನಾನು ಓದಿದವಳು, ಅಕ್ಕ ನಂಬಿದಳು. ನನ್ನನ್ನು ಓದಿಸಿದ್ದರ ಫಲ ಅದು.

ಮೂರನೇ ಬ್ಯಾಚಿಗೆ ತೊಂಬತ್ತು ನಿಮಿಷ. ಮೂವತ್ತೊಂದು. ಗಿರಾಕಿಯಿಂದ ಕಾಗದ ಬಂತು, ಇನ್ನೊಂದೇ ಅವಕಾಶ ಎಂದು. ಯಜಮಾನರು ಮಿಕ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತು ಕೂಗಾಡಿದರು. ಹನ್ನೊಂದು ವರ್ಷದಲ್ಲಿ ಅಕ್ಕನ ಮೇಲೆ ಯಾರೂ ಅಲ್ಲಿ ದನಿ ಎತ್ತಿರಲಿಲ್ಲ. ನಾನು ನನ್ನ ಬಾಗಿಲಿನ ಹಿತ್ತಾಳೆ ಹಲ್ಲುಗಳನ್ನು ಎರಡನೇ ಸಲ ಒರೆಸುತ್ತ ಕೇಳಿಸಿಕೊಂಡೆ. ಖುಷಿಯಾಯಿತು. ಮರೆಮಾಚುವುದೇಕೆ, ಬಾಯಾರಿದವಳಿಗೆ ನೀರು ಸಿಕ್ಕಷ್ಟು ಖುಷಿಯಾಯಿತು.

ಮನೆಯಲ್ಲಿ ಅಕ್ಕ ಊಟ ಕಡಿಮೆ ಮಾಡಿದಳು. ಪಾತ್ರೆಯನ್ನು ಎರಡೆರಡು ಸಲ ತೊಳೆದಳು. ಭಾವ ಒಂದು ದಿನ, ಏನಾಗಿದೆ ಇವಳಿಗೆ, ಒಳಗಿನ ಸ್ಪ್ರಿಂಗ್ ಸಡಿಲಾದ ಹಾಗೆ ಇದ್ದಾಳೆ ಎಂದು ನನ್ನನ್ನು ಕೇಳಿದ. ಕೆಲಸದ ಒತ್ತಡ ಎಂದೆ. ಅಂದು ಸಂಜೆ ಅವಳು ತೊಟ್ಟಿಯ ಮುಂದೆ ನಿಂತು ಉಗುರಿನ ಸಂದಿಯ ಮಸಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಬೆರಳ ತುದಿ ಕೆಂಪಾಗಿತ್ತು. ನನ್ನ ಕಡೆ ತಿರುಗದೆ ಮೆಲ್ಲಗೆ ಹೇಳಿದಳು.

"ನನ್ನ ಕೈಗೆ ಏನೋ ಆಗಿದೆ ಕಣೇ. ಮೊದಲಿನ ಹಾಗೆ ಹದ ಸಿಗ್ತಿಲ್ಲ. ನಿಂಗೇನಾದ್ರೂ ಗೊತ್ತಿದ್ರೆ ಹೇಳು."

"ನಂಗೇನು ಗೊತ್ತು ಅಕ್ಕ? ನಾನು ಮಷೀನ್ ಮುಂದೆ ಕೂತು ನಂಬರ್ ಓದೋಳು," ಎಂದೆ.

ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಟ್ಟಿದ್ದೆ. ಅವಳಿಗೆ ಅದು ನೆನಪಿತ್ತೋ ಇಲ್ಲವೋ. ಬ್ರಷ್ಷು ಕೆಳಗಿಟ್ಟು ನಲ್ಲಿ ನಿಲ್ಲಿಸಿದಳು. ನಾನು ಅವಳ ಹಿಂದೆಯೇ ನಿಂತಿದ್ದೆ, ಅವಳ ಕತ್ತಿನ ಮೂಳೆ ಮೊದಲಿಗಿಂತ ಎದ್ದು ಕಾಣುತ್ತಿತ್ತು. ಆಗಲಾದರೂ ಹೇಳಬಹುದಿತ್ತು. ಇನ್ನೂ ಒಂದು ಬ್ಯಾಚು ಉಳಿದಿತ್ತು, ಎರಡೇ ಪದ ಸಾಕಿತ್ತು. ನಾನು ನೀರು ಕುಡಿದು ಕೋಣೆಗೆ ಹೋದೆ.

ನಾಲ್ಕನೇ ಬ್ಯಾಚಿಗೆ ನೂರೈವತ್ತು ನಿಮಿಷ. ಕಿರುಚುಕಡ್ಡಿ ಬಿಸಿಯೇರದಂತೆ ಪಾತ್ರೆಯ ಸುತ್ತ ಐಸಿಟ್ಟು, ನಡುನಡುವೆ ನಿಲ್ಲಿಸಿ, ಮಗುವಿಗೆ ಸ್ನಾನ ಮಾಡಿಸಿದಷ್ಟು ಜೋಪಾನವಾಗಿ ಓಡಿಸಿದಳಂತೆ. ಅಷ್ಟು ಚೆಂದದ ಹಾಳೆ ನಮ್ಮ ಕಾರ್ಖಾನೆಯಲ್ಲಿ ಅಲ್ಲಿವರೆಗೆ ಆಗಿರಲಿಲ್ಲ. ಇಪ್ಪತ್ತೆರಡು. ನಾನು ಅಂಕಿ ಹೇಳಿದಾಗ ಅಕ್ಕ ಉಕ್ಕಿನ ಗೋಡೆಗೆ ಒರಗಿ ನಿಂತಳು. ಆಮೇಲೆ, ಹಾಳೆಯ ಒಂದು ಮೂಲೆ ಕತ್ತರಿಸಿ ಕೊಡು ಎಂದಳು. ಏಕೆಂದು ನಾನು ಕೇಳಲಿಲ್ಲ. ಅದು ಶನಿವಾರ.

ಮರುದಿನ ಭಾನುವಾರ ಪಾತ್ರೆಗಳನ್ನು ತೊಳೆಯುವುದಿದೆ ಎಂದು ಹೇಳಿ ಒಬ್ಬಳೇ ಕಾರ್ಖಾನೆಗೆ ಹೋದಳು. ಮನೆಯಲ್ಲಿ ಭಾವ ತನ್ನ ಮೀಟರಿಗಾಗಿ ಹುಡುಕಾಡುತ್ತಿದ್ದ. ತಂತಿಯಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡುವ ಕೈಯಗಲದ ಹಳದಿ ಮೀಟರು, ಎರಡು ಮೊನಚು ಕಡ್ಡಿಗಳದು. ಸದಾ ಅಡುಗೆಮನೆಯ ಬಾಗಿಲ ಮೊಳೆಗೆ ನೇತುಹಾಕಿರುತ್ತಿದ್ದ. ನಾನೇ ಎಲ್ಲೋ ಇಟ್ಟಿರಬೇಕು ಎಂದು ನನ್ನ ಮೇಲೂ ಗೊಣಗಿದ. ಸೋಮವಾರ ಬೆಳಗ್ಗೆ ನೋಡಿದರೆ ಮೀಟರು ಮೊಳೆಯ ಮೇಲೇ ಇತ್ತು. ಮನೆಯೊಳಗೆ ದೆವ್ವ ಸೇರಿಕೊಂಡಿದೆ ಎಂದು ಭಾವ ನಕ್ಕ.

ಅದೇ ಸೋಮವಾರ ಯಜಮಾನರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಕಲಸಿದ ಸಮಯವನ್ನೂ ಬರೆದಿದ್ದ ನಾಲ್ಕೂ ಬ್ಯಾಚಿನ ಕಾರ್ಡುಗಳನ್ನು ಸಾಲಾಗಿ ಇಟ್ಟಿದ್ದರು. ಅವರು ರಬ್ಬರು ಬಲ್ಲವರು, ನ್ಯಾನೊ ಗೀನೊ ಬಲ್ಲವರಲ್ಲ, ಆದರೆ ಕುರುಡರೂ ಅಲ್ಲ. ಹತ್ತು ನಿಮಿಷಕ್ಕೆ ನಲವತ್ತಾರು, ನಲವತ್ತಕ್ಕೆ ಮೂವತ್ತೇಳು, ತೊಂಬತ್ತಕ್ಕೆ ಮೂವತ್ತೊಂದು, ನೂರೈವತ್ತಕ್ಕೆ ಇಪ್ಪತ್ತೆರಡು ಎಂದು ಬೆರಳಿಟ್ಟು ಓದಿದರು. ಕಲಸಿದಷ್ಟೂ ಕೆಡುತ್ತಿದೆ, ಇದು ನಿಮಗೆ ಯಾಕೆ ಕಾಣಲಿಲ್ಲ ಎಂದು ಅಕ್ಕನನ್ನು ಕೇಳಿದರು. ಅಕ್ಕ ಬಾಯಿ ತೆರೆದಳು. ಬಲಗೈ ಏಪ್ರನ್ನಿನ ಜೇಬಿನಲ್ಲಿತ್ತು.

ಅವಳು ಮಾತಾಡುವುದಕ್ಕೆ ಮೊದಲೇ ನಾನು ಮಾತಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ವಂಶ ನನ್ನದು. ಎಳೆಗಳು ತುಂಡಾಗುವುದು, ಕೈ ಕೈ ಎಟುಕದೇ ಹೋಗುವುದು, ಗಂಟಿದ್ದರೇ ಒಳ್ಳೆಯದು ಎನ್ನುವುದು, ಪಂಡಿತ ಹೇಳಿದ್ದನ್ನೆಲ್ಲ ನನ್ನದೇ ಬುದ್ಧಿ ಎಂಬಂತೆ ಒಪ್ಪಿಸಿದೆ. ಹತ್ತು ನಿಮಿಷ ದಾಟಬಾರದು ಸಾರ್ ಎಂದು ಮುಗಿಸಿದೆ. ಯಜಮಾನರ ಹುಬ್ಬು ಮೇಲೇರಿತು. ಮೆಚ್ಚುಗೆ ಎಂದುಕೊಂಡೆ. ಆಮೇಲೆ ಆ ಹುಬ್ಬು ಕೆಳಗಿಳಿಯಿತು.

"ಇಷ್ಟೆಲ್ಲ ಗೊತ್ತಿದ್ದೂ ಅಕ್ಕನಿಗೆ ಹೇಳಲಿಲ್ವಾ ನೀವು?"

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕಾರ್ಡುಗಳ ಮೇಲೆ ಭಾರಕ್ಕೆಂದು ಹಳೇ ರಬ್ಬರ್ ವಾಷರುಗಳನ್ನು ಇಟ್ಟಿದ್ದರು, ಅವುಗಳನ್ನೇ ನೋಡುತ್ತಿದ್ದೆ. ಇಲ್ಲ ಎಂದರೆ ನನ್ನ ಕೆಲಸ ಅಲ್ಲೇ ಮುಗಿಯುತ್ತಿತ್ತು. ಯೋಚಿಸಿದೆ ಎಂದು ಹೇಳಿದರೆ ಅದೂ ಸುಳ್ಳಾದೀತು, ಯೋಚಿಸಲೇ ಇಲ್ಲ.

"ಹೇಳಿದ್ದೆ ಸಾರ್. ಅಕ್ಕ ಕೇಳಲಿಲ್ಲ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನಾನು ಎಂಟು ವರ್ಷದವಳಿದ್ದಾಗ ಜ್ವರ ಎಷ್ಟಿದೆ ಎಂದು ಹಣೆ ಮುಟ್ಟಿ ನೋಡುವಾಗ ಹೀಗೇ ನೋಡುತ್ತಿದ್ದಳು. ಜೇಬಿನೊಳಗೆ ಅವಳ ಕೈ ಏನನ್ನೋ ಹಿಡಿದುಕೊಂಡು, ಅರ್ಧ ಹೊರಗೆ ಬಂದು ನಿಂತಿತು. ಯಜಮಾನರು, ಇವರು ಹೇಳಿದ್ದು ನಿಜವೇ ಎಂದು ಕೇಳಿದರು. ಕೈ ಮತ್ತೆ ಒಳಗೆ ಹೋಯಿತು.

"ಹೌದು ಸಾರ್. ಹೇಳಿದ್ಳು. ನಾನೇ ಕೇಳಲಿಲ್ಲ."

ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಕ್ಕನನ್ನು ಕೆಲಸದಿಂದ ತೆಗೆಯುವುದಿಲ್ಲ, ಹಳಬರು ಎಂಬ ಒಂದೇ ಕಾರಣಕ್ಕೆ ಎಂದರು ಯಜಮಾನರು. ನಾಳೆಯಿಂದ ಕಟಿಂಗ್ ರೂಮು. ಅಲ್ಲಿ ದಿನವಿಡೀ ನಿಂತು ಹಾಳೆಗಳನ್ನು ಅಳತೆಗೆ ಕತ್ತರಿಸಬೇಕು, ಹೊಸದಾಗಿ ಸೇರಿದವರನ್ನು ಹಾಕುವ ಜಾಗ. ಮಿಕ್ಸಿಂಗ್ ರೂಮನ್ನು ನಾನೇ ನೋಡಿಕೊಳ್ಳಬೇಕು. ಗಿರಾಕಿಯ ಕೈಕಾಲು ಹಿಡಿದಾದರೂ ಇನ್ನೊಂದು ಅವಕಾಶ ಕೇಳುತ್ತೇನೆ ಎಂದರು. ಅಕ್ಕ ಅಲ್ಲೇ ಏಪ್ರನ್ ಬಿಚ್ಚಿದಳು. ಮಸಿ ಹಿಡಿದು ಹಿಡಿದು ಚರ್ಮದಂತಾಗಿದ್ದ ಏಪ್ರನ್ನು. ಮೇಲಿನ ಮಡಿಕೆ, ಕೆಳಗಿನ ಮಡಿಕೆ ಸರಿಮಾಡಿ, ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟಳು.

ಮರುದಿನ ಅದನ್ನು ಕಟ್ಟಿಕೊಂಡಾಗ ಜೇಬಿನಲ್ಲಿ ಏನೋ ತೊಡೆಗೆ ಒತ್ತಿತು. ತೆಗೆದು ನೋಡಿದೆ. ಎರಡು ಕಪ್ಪು ಬಿಲ್ಲೆಗಳು, ದಾರ ಹಾಕಿ ಒಟ್ಟಿಗೆ ಕಟ್ಟಿದ್ದಳು. ಒಂದು ನುಣುಪು: ಶನಿವಾರ ನಾನು ಕತ್ತರಿಸಿಕೊಟ್ಟ ಮೂಲೆ. ಇನ್ನೊಂದು ಗಂಟು ಗಂಟು: ಅವಳೇ ಹೊಸದಾಗಿ ಕಲಸಿ ಚಹಾದ ಲೋಟದ ತಳದಲ್ಲಿ ಹೊಯ್ದದ್ದು, ಲೋಟದ ಗುಂಡು ಗುರುತು ಹಾಗೇ ಇತ್ತು. ಎರಡರ ಮೇಲೂ ಮೀಟರಿನ ಮೊನೆ ಊರಿದ ಸಣ್ಣ ಸಣ್ಣ ತೂತುಗಳು. ಎರಡಕ್ಕೂ ಬಿಳಿ ಪಟ್ಟಿ ಅಂಟಿಸಿ, ಶಾಲೆ ಬಿಟ್ಟ ವಯಸ್ಸಿಗೇ ನಿಂತುಹೋದ ಆ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು. ನುಣುಪಿನದಕ್ಕೆ, 'ನೂರೈವತ್ತು ನಿಮಿಷ, ಕರೆಂಟು ಸರಿಯಾಗಿ ಹರಿಯುವುದಿಲ್ಲ'. ಗಂಟಿನದಕ್ಕೆ, 'ಹತ್ತು ನಿಮಿಷ, ಚೆನ್ನಾಗಿ ಹರಿಯುತ್ತದೆ'. ಕೆಳಗೆ ಭಾನುವಾರದ ತಾರೀಖು.

ಪಂಡಿತನೂ ಇಲ್ಲದೆ, ನಾನೂ ಇಲ್ಲದೆ, ಗಂಡನ ಮೀಟರು ಕದ್ದು ಅವಳೇ ಕಂಡುಹಿಡಿದಿದ್ದಳು. ಯಜಮಾನರ ಕೋಣೆಗೆ ಬರುವಾಗ ಅದು ಅವಳ ಜೇಬಿನಲ್ಲೇ ಇತ್ತು. ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ತಪ್ಪು ಹಿಡಿದವಳೂ ತಾನೇ, ಸರಿಮಾಡಿದವಳೂ ತಾನೇ ಎಂದು ಕೋಣೆ ಉಳಿಸಿಕೊಳ್ಳಬಹುದಿತ್ತು. ಆದರೆ ನಾನು ಹೇಳಿದ್ದೆ ಎಂದು ಬಾಯಿಬಿಟ್ಟ ಮೇಲೆ ಅದನ್ನು ಹೊರಗೆ ತೆಗೆದರೆ, ಹೇಳಿದ್ದರೆ ಇದನ್ನು ನೀವೇಕೆ ಭಾನುವಾರ ಕೂತು ಹುಡುಕಬೇಕಿತ್ತು ಎಂದು ಯಜಮಾನರು ಕೇಳುತ್ತಿದ್ದರು. ನಾನು ಬೀದಿಗೆ ಬೀಳುತ್ತಿದ್ದೆ. ಅಷ್ಟನ್ನೆಲ್ಲ ಅವಳು ಒಂದು ನೋಟದಲ್ಲಿ ಲೆಕ್ಕ ಹಾಕಿ, ಕೈ ಒಳಗೆ ಹಾಕಿಕೊಂಡಳು. ನಾನು ಏಪ್ರನ್ ಕಟ್ಟಿಕೊಂಡು ಪಾತ್ರೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಹತ್ತು ನಿಮಿಷ ಕಡ್ಡಿ ಓಡಿಸಿದೆ.

ನಲವತ್ತೇಳು, ನಲವತ್ತೆಂಟು, ನಲವತ್ತಾರು. ಮೂರೂ ಪಾಸು. ಆರ್ಡರು ನಮ್ಮದಾಯಿತು. ಸೂಚನಾ ಫಲಕದಲ್ಲಿ ನನ್ನ ಫೋಟೊ ಅಂಟಿಸಿದರು. ನಾನು ಮಾಡಿದ ಹಾಳೆಗಳೆಲ್ಲ ಕಟಿಂಗ್ ರೂಮಿಗೆ ಹೋಗುತ್ತವೆ, ಅಕ್ಕ ಅವನ್ನು ಪಂಪಿನ ಡಬ್ಬಿಯ ಅಳತೆಗೆ ಕತ್ತರಿಸುತ್ತಾಳೆ. ಒಮ್ಮೆ ಬಾಗಿಲ ಸಂದಿಯಿಂದ ನೋಡಿದೆ. ಕತ್ತಿ ಹಾಕುವ ಮೊದಲು ಹಾಳೆಯ ಗಂಟುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಸಂಜೆಗೆ ಅವಳ ಕಾಲು ಊದಿಕೊಳ್ಳುತ್ತದೆ. ಭಾವ ಬಿಸಿನೀರು ಕಾಯಿಸಿ ಕೊಡುತ್ತಾನೆ.

ಮನೆಯಲ್ಲಿ ಏನೂ ಬದಲಾಗಲಿಲ್ಲ. ಅದೇ ನನ್ನ ಗೋಳು. ನನಗೆ ಮೊದಲು ಬಡಿಸುತ್ತಾಳೆ, ನನ್ನ ಬಟ್ಟೆ ಮಡಚಿಡುತ್ತಾಳೆ, ತಡವಾದರೆ ಬಾಗಿಲಲ್ಲಿ ನಿಲ್ಲುತ್ತಾಳೆ. ಒಂದು ಮಾತು ಮಾತ್ರ ನಿಂತುಹೋಯಿತು. 'ನಾನಿಲ್ಲದಿದ್ದರೆ' ಎಂಬ ಮಾತು ಐದು ತಿಂಗಳಾದರೂ ಅವಳ ಬಾಯಿಂದ ಬಂದಿಲ್ಲ. ಮೊದಲ ವಾರ ಗಮನಿಸಲಿಲ್ಲ. ಆಮೇಲೆ ಬಡಿಸುವಾಗಲೆಲ್ಲ ಕಾಯತೊಡಗಿದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ತುತ್ತು ಕೈಯಲ್ಲೇ ಹಿಡಿದು ಕೂರುತ್ತಿದ್ದೆ. ಕಳೆದ ವಾರ ಮತ್ತೆ ಆ ನೆಂಟರು ಬಂದರು, ಮತ್ತೆ ನನ್ನ ಕೆಲಸದ ಮಾತು ಬಂತು. ಅಕ್ಕ ನನ್ನ ಕಡೆ ನೋಡದೆ ಹೇಳಿದಳು, ಮಿಕ್ಸಿಂಗ್ ರೂಮಿಗೆ ಈಗ ಅವಳೇ ಮುಖ್ಯಸ್ಥೆ, ಯಾರ ಹಂಗೂ ಇಲ್ಲದೆ ತನ್ನ ಬುದ್ಧಿಯಿಂದಲೇ ಮೇಲೆ ಬಂದಳು ಎಂದು. ಆ ಮಾತು ಕೇಳಬೇಕೆಂದು ನಾನು ಜೀವಮಾನವೆಲ್ಲ ಹಂಬಲಿಸಿದ್ದೆ. ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ನಿನ್ನೆ ತಡೆಯಲಾಗಲಿಲ್ಲ. ಭಾವ ಯಾರದೋ ಮನೆಗೆ ಫ್ಯಾನು ಕಟ್ಟಲು ಹೋಗಿದ್ದ. ಅಡುಗೆಮನೆಯಲ್ಲಿ ನಾವಿಬ್ಬರೇ. ನಾನು ಆ ಎರಡು ಬಿಲ್ಲೆಗಳನ್ನು ತಂದು, ದಾರವನ್ನೂ ಬಿಚ್ಚದೆ, ತಟ್ಟೆಯ ಪಕ್ಕ ಇಟ್ಟೆ. ಇದು ನಿನ್ನ ಜೇಬಲ್ಲಿತ್ತು ಎಂದೆ. ಅವಳು ಬಾಗಿ ನೋಡಿದಳು, ಯಾರದೋ ಅಂಗಿಯಿಂದ ಉದುರಿದ ಗುಂಡಿ ನೋಡುವ ಹಾಗೆ. ಬೇಡದ್ದಾದರೆ ಬಿಸಾಡು ಎಂದಳು.

"ಬಯ್ಯಿ ಅಕ್ಕ," ಎಂದೆ. "ಹೊಡಿ ಬೇಕಾದ್ರೆ. ನಿಂಗೆ ಎಲ್ಲಾ ಗೊತ್ತು. ಒಂದು ಮಾತು ಬಯ್ದುಬಿಡು."

ಅಕ್ಕ ಸೌಟನ್ನು ಪಾತ್ರೆಯೊಳಗೆ ಅದ್ದಿದಳು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಕೇಳಿಸಿಕೊಳ್ಳುವವರು ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅವಳು ಯಜಮಾನರ ಮುಂದೆ ಹೇಳಿದಷ್ಟೇ ಸಮಾಧಾನವಾಗಿ ಹೇಳಿದಳು.

"ಯಾಕೆ ಬಯ್ಯಲಿ? ನೀನು ಹೇಳಿದ್ದೆ. ನಾನೇ ಕೇಳಲಿಲ್ಲ."

ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ನಾನು ಉಂಡೆ.